ಮನೆಯಲ್ಲೇ ಮೊಟ್ಟೆಗೆ ಕಾವು: ಕೊನೆಯ 3 ದಿನ ಮುಚ್ಚಳ ತೆಗೀಬೇಡಿ

ಪುಣೆಯ ಫ್ಲ್ಯಾಟಲ್ಲಿ ಮೊಟ್ಟೆ ಮರಿ ಮಾಡಿಸೋಕೆ ಹೊರಟಾಗ ನನ್ನ ಮೊದಲ ಬ್ಯಾಚ್ ಹಾಳಾಯ್ತು. ತಪ್ಪು ನನ್ನದೇ. ಇವತ್ತು ಅದನ್ನೇ ಹೇಳ್ತೀನಿ.

ಅಂಗಡಿಯ ಬಿಳಿ ಮೊಟ್ಟೆ ಬೇಡ. ಅದು ಹುಂಜ ಇಲ್ಲದ ಫಾರಂನದ್ದು, ಮರಿ ಆಗಲ್ಲ. ಹುಂಜ ಇರೋ ಕಡೆಯಿಂದ, ಇಟ್ಟು ಒಂದು ವಾರ ದಾಟದ ನಾಟಿ ಮೊಟ್ಟೆ ತನ್ನಿ.

ಥರ್ಮೋಕೋಲ್ ಡಬ್ಬ, ಬಲ್ಬ್, ಥರ್ಮೋಸ್ಟಾಟ್, ಸಣ್ಣ ಫ್ಯಾನ್, ಒಂದು ಬಟ್ಟಲು ನೀರು, ಗಾಳಿಗೆ ನಾಲ್ಕು ತೂತು: ಇಷ್ಟೇ ಹಾರ್ಡ್‌ವೇರ್. ತಾಪ 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 50ರ ಆಸುಪಾಸು. ಒಟ್ಟು 21 ದಿನ. ಮೊದಲ 18 ದಿನ, ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸಿ. ಇಲ್ಲದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. 7ನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಕೆಂಪು ನರಗಳು ಕಾಣ್ತವೆ.

18ನೇ ದಿನದಿಂದ ಹೊರಳಿಸೋದು ನಿಲ್ಲಿಸಿ, ತೇವಾಂಶ ಶೇ. 65-70ಕ್ಕೆ ಏರಿಸಿ, ಮುಚ್ಚಳ ಮುಟ್ಟಬೇಡಿ. ನಾನು ಮುಟ್ಟಿದೆ. ಚಿಪ್ಪಿಗೆ ತೂತು ಮಾಡಿದ ಮೂರು ಮರಿ ಗಂಟೆಗಟ್ಟಲೆ ಸುಮ್ಮನಿವೆ ಅಂತ ಗಾಬರಿಯಾಗಿ ಮತ್ತೆ ಮತ್ತೆ ತೆರೆದು ನೋಡಿದೆ. ತೇವ ಹೋಯ್ತು, ಒಳಪೊರೆ ಒಣಗಿ ಮರಿಗಳನ್ನು ಬಿಗಿದುಕೊಂಡಿತು. ಮೂರೂ ಒಳಗೇ ಸತ್ತವು. ಅಸಲಿಗೆ ತೂತಾದ ಮೇಲೆ ಹೊರಬರೋಕೆ 12-24 ಗಂಟೆ ಹಿಡಿಯೋದು ಸಹಜ. ಆ ಹೊತ್ತಲ್ಲಿ ಮರಿ ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಎಳೆದುಕೊಳ್ತಿರುತ್ತೆ. ಅದರ ಬಲದಿಂದಲೇ ಹುಟ್ಟಿದ ಮೇಲೂ ಒಂದು ದಿನ ಡಬ್ಬದಲ್ಲೇ ಆರಾಮಾಗಿ ಇರುತ್ತೆ.

ವಿಷಯ ಕೇಳಿ ಊರಿಂದ ಅಮ್ಮ ಫೋನಲ್ಲಿ ಅಂದ್ರು, "ಕೊನೇ ದಿನಗಳಲ್ಲಿ ಹೇಂಟೆ ಎದ್ದು ಓಡಾಡೋದು ನೋಡಿದ್ದೀಯೇನೋ?" ಎರಡನೇ ಸಲ ಗಾಳಿತೂತು ಬಿಟ್ಟು ಮುಚ್ಚಳಕ್ಕೆ ಟೇಪ್ ಹಚ್ಚಿದೆ. 8 ಮೊಟ್ಟೆಯಲ್ಲಿ 5 ಮರಿ ಬಂದವು.