ಕ್ಲಾರಿನೆಟ್ ಕಚೇರಿಗೆ ಹೊಸ ಕೃತಿಗಳ ಆಯ್ಕೆ

ಗೋವೆಯ ಹಳ್ಳಿಗಳಲ್ಲಿ ಚರ್ಚಿನ ಫೆಸ್ತಿನ ದಿನ ನಸುಕಿನಲ್ಲೇ ಬೀದಿಗಿಳಿಯುವ ಬ್ಯಾಂಡಿನಲ್ಲಿ, ತುತ್ತೂರಿಗಳ ಅಬ್ಬರದ ನಡುವೆಯೂ ಬೇರೆಯಾಗಿ ಕೇಳಿಬರುವ ಕಪ್ಪು ಕೊಳವೆಯೊಂದುಂಟು. ಉತ್ತರ ಕರ್ನಾಟಕದಿಂದ ಬಂದು ವಾಸ್ಕೊ, ಝುವಾರಿನಗರಗಳಲ್ಲಿ ನೆಲೆಸಿದ ಮನೆಗಳಿಗೆ ಅದು ಅಪರಿಚಿತವೇನಲ್ಲ. ಊರಿನ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನಲ್ಲಿ ಅವರು ಕೇಳಿದ ‘ಕ್ಲಾರಿಯೋನೆಟ್’ ಇದೇ. ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರಾದ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರು ಮಾಡಿದ್ದೂ ಇದೇ ವಾದ್ಯದಲ್ಲಿ. ಆದರೆ ಗೋವೆಯಲ್ಲಿ ಅದನ್ನು ಕಲಿಯಲು ಹೊರಟ ಮಗುವಿಗೆ ದೊರೆಯುವುದು ಬಹುಮಟ್ಟಿಗೆ ಪಾಶ್ಚಾತ್ಯ ಪದ್ಧತಿಯ ಪಾಠ. ಚರ್ಚಿನ ಸಂಗೀತ ಶಾಲೆಯೋ, ಪಣಜಿಯ ಕಂಪಾಲಿನಲ್ಲಿರುವ ಕಲಾ ಅಕಾಡೆಮಿಯ ಪಾಶ್ಚಾತ್ಯ ಸಂಗೀತ ವಿಭಾಗವೋ, ಮನೆಪಾಠದ ಗುರುವೋ ಅದಕ್ಕೆ ದಾರಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳು ಆ ದಾರಿಯ ಮೈಲುಗಲ್ಲುಗಳು.

ಗ್ರೇಡುಗಳನ್ನು ದಾಟಿದ ವಿದ್ಯಾರ್ಥಿಯ ಮೊದಲ ಪೂರ್ಣ ಕಚೇರಿಯ ಮಾತು ಬಂದಾಗ ಮೊಜಾರ್ಟ್, ವೇಬರ್ ಕುರಿತು ಯಾರಿಗೂ ಗೊಂದಲವಿರುವುದಿಲ್ಲ. ಇಪ್ಪತ್ತನೆಯ ಶತಮಾನದಿಂದ ಈಚೆಗಿನ ಒಂದೆರಡು ಕೃತಿಗಳನ್ನೂ ನುಡಿಸಬೇಕೆಂದಾಗ ತೊಡಕು ಹುಟ್ಟುತ್ತದೆ. ಯಾವುದೋ ವಿಡಿಯೊದಲ್ಲಿ ಕಂಡ ಅತಿ ಕಠಿಣ ರಚನೆಯನ್ನೇ ವಿದ್ಯಾರ್ಥಿ ಆರಿಸಿಕೊಳ್ಳುತ್ತಾನೆ. ಮುಂದಿನ ಸಾಲಿನಲ್ಲಿ ಕುಳಿತ ತಂದೆತಾಯಿಗಳಿಗೆ ಅದರಲ್ಲಿ ಹಿಡಿದುಕೊಳ್ಳಲು ಒಂದು ಎಳೆಯೂ ಸಿಗದು. ವಾರದ ಒಂದೇ ರಜೆಯನ್ನು ಬಿಟ್ಟು ಬಂದವರು ಎರಡನೆಯ ಬಾರಿ ಬರಲು ಹಿಂದೆಮುಂದೆ ನೋಡುತ್ತಾರೆ. ಪಾಠದ ಶುಲ್ಕದ ಪ್ರಶ್ನೆಯೂ ಅಂದೇ ರಾತ್ರಿ ಏಳಬಹುದು. ಕೃತಿಯ ಆಯ್ಕೆ ಕೇವಲ ರುಚಿಯ ವಿಷಯವಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಈ ದೃಷ್ಟಿಯಿಂದ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಪೋಲೆಂಡಿನ ವಿಟೋಲ್ಡ್ ಲುಟೊಸ್ಲಾವ್‌ಸ್ಕಿ 1954ರಲ್ಲಿ ಕ್ಲಾರಿನೆಟ್ ಮತ್ತು ಪಿಯಾನೊಗಳಿಗಾಗಿ ಬರೆದ ‘ಡಾನ್ಸ್ ಪ್ರಿಲ್ಯೂಡ್ಸ್’. ಐದು ಕಿರು ರಚನೆಗಳು, ಒಟ್ಟು ಹತ್ತು ನಿಮಿಷಗಳ ಆಸುಪಾಸು. ಮೂರು ಚುರುಕು, ಅವುಗಳ ನಡುನಡುವೆ ಎರಡು ನಿಧಾನ. ಎಲ್ಲವೂ ಜನಪದ ಧಾಟಿಗಳ ಮೇಲೆ ನಿಂತವು. ಕೇಳಲು ಹಗುರ, ನುಡಿಸಲು ಹಾಗಲ್ಲ. ಎರಡು, ಮೂರು, ಐದು ಎಣಿಕೆಗಳು ಬದಲಾಗುತ್ತಲೇ ಇರುತ್ತವೆ. ಕೆಲವೆಡೆ ಪಿಯಾನೊದ ಲೆಕ್ಕವೊಂದು, ಕ್ಲಾರಿನೆಟ್ಟಿನ ಲೆಕ್ಕ ಇನ್ನೊಂದು. ಪುಸ್ತಕದ ಗೀಟುಗಳನ್ನು ನೋಡಿ ಎಣಿಸುವ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ. ‘ತಕ’, ‘ತಕಿಟ’, ‘ತಕತಕಿಟ’ ಎಂದು ಬಾಯಲ್ಲಿ ಹೇಳಿ, ಕೈತಟ್ಟಿ ಕಲಿತವನಿಗೆ ಅದೇ ಜಾಗ ಸಲೀಸು. ಡೊಳ್ಳು, ಹೆಜ್ಜೆಮೇಳಗಳ ಪೆಟ್ಟು ಕೇಳಿ ಬೆಳೆದ ಮಕ್ಕಳಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೇಳುವ ಹಿರಿಯರೂ ಕುಣಿತದ ಲಯವನ್ನು ಕೂಡಲೇ ಗುರುತಿಸಿಯಾರು.

ಸ್ಟ್ರಾವಿನ್‌ಸ್ಕಿಯ ‘ಮೂರು ರಚನೆಗಳು’ ಇನ್ನೊಂದು ಬಗೆಯವು. 1918ರಲ್ಲಿ ಬರೆದು ಹವ್ಯಾಸಿ ಕ್ಲಾರಿನೆಟ್ ವಾದಕನೂ ತನ್ನ ಪೋಷಕನೂ ಆದ ವೆರ್ನರ್ ರೈನ್‌ಹಾರ್ಟನಿಗೆ ಅರ್ಪಿಸಿದ ಇವನ್ನು ನೂರು ವರ್ಷಗಳ ಮೇಲೂ ‘ಆಧುನಿಕ’ವೆಂದೇ ಕರೆಯುವುದು ಪಾಶ್ಚಾತ್ಯ ಸಂಗೀತಲೋಕದ ಒಂದು ಸೋಜಿಗ. ಒಟ್ಟು ನಾಲ್ಕೈದು ನಿಮಿಷ, ಪಕ್ಕವಾದ್ಯ ಬೇಡ. ಮೊದಲನೆಯದು ಮಂದ್ರದಲ್ಲಿ ಮೆಲ್ಲನೆ ಸಾಗುವುದು, ಎರಡನೆಯದರಲ್ಲಿ ತಾಳದ ಗೀಟುಗಳೇ ಇಲ್ಲ, ಮೂರನೆಯದು ಓಟ. ಮೊದಲೆರಡಕ್ಕೆ ‘ಎ’ ಕ್ಲಾರಿನೆಟ್, ಕೊನೆಯದಕ್ಕೆ ‘ಬಿ ಫ್ಲಾಟ್’ ಆದರೆ ಒಳಿತೆಂಬುದು ರಚನಕಾರನ ಇಚ್ಛೆ. ವಿದ್ಯಾರ್ಥಿಗಳ ಬಳಿ ಸಾಮಾನ್ಯವಾಗಿ ಇರುವುದು ‘ಬಿ ಫ್ಲಾಟ್’ ಒಂದೇ. ಎರಡನೆಯ ವಾದ್ಯಕ್ಕಾಗಿ ಸಾಲ ಮಾಡುವ ಅಗತ್ಯವಿಲ್ಲ. ಒಂದರಲ್ಲೇ ಮೂರನ್ನೂ ನುಡಿಸಬಹುದು. ಆದರೆ ಉಸಿರಿನ ಗುರುತುಗಳನ್ನು ಮೀರುವಂತಿಲ್ಲ. ಅವನ್ನು ಪಾಲಿಸಲೇಬೇಕೆಂದು ಸ್ಟ್ರಾವಿನ್‌ಸ್ಕಿ ಅಚ್ಚಿನಲ್ಲೇ ಸೂಚಿಸಿದ್ದಾನೆ.

ಒಲಿವಿಯೇ ಮೆಸಿಯಾನ್‌ನ ‘ಕಾಲದ ಅಂತ್ಯಕ್ಕಾಗಿ ಚತುಷ್ಕ’ದ ಮೂರನೆಯ ಭಾಗ ಕ್ಲಾರಿನೆಟ್ ಒಂದಕ್ಕೇ ಮೀಸಲು, ‘ಹಕ್ಕಿಗಳ ಪಾತಾಳ’ ಎಂದು ಅದರ ಹೆಸರು. 1941ರ ಜನವರಿ 15ರಂದು ಜರ್ಮನರ ಯುದ್ಧಕೈದಿಗಳ ಶಿಬಿರವೊಂದರಲ್ಲಿ, ಗ್ಯೋರ್ಲಿಟ್ಸ್ ಎಂಬಲ್ಲಿ, ಈ ಚತುಷ್ಕದ ಮೊದಲ ವಾದನ ನಡೆಯಿತು. ಕ್ಲಾರಿನೆಟ್ ನುಡಿಸಿದವನು ಸಹಕೈದಿ ಆನ್ರಿ ಆಕೋಕಾ. ಕನ್ನಡ ಓದುಗರಿಗೆ ಹತ್ತಿರದ ಸಂಗತಿಯೊಂದು ಇದರಲ್ಲಿದೆ. ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ಹದಿಮೂರನೆಯ ಶತಮಾನದಲ್ಲಿ ‘ಸಂಗೀತ ರತ್ನಾಕರ’ದಲ್ಲಿ 120 ದೇಶೀ ತಾಳಗಳನ್ನು ಪಟ್ಟಿಮಾಡಿದ್ದನಷ್ಟೆ, ಮೆಸಿಯಾನ್ ಆ ಪಟ್ಟಿಯನ್ನು ಅಭ್ಯಸಿಸಿ, ಚತುಷ್ಕದ ಮೊದಲ ಭಾಗದ ಪಿಯಾನೊದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ತಾಳಗಳನ್ನು ಹೆಣೆದ. ಕ್ಲಾರಿನೆಟ್ಟಿನ ಭಾಗದಲ್ಲಿ ಮಾತ್ರ ಪರೀಕ್ಷೆ ಉಸಿರಿನದು. ಕೇಳಿಸದಷ್ಟು ಮೆಲ್ಲಗೆ ಹುಟ್ಟಿದ ಒಂದೇ ಸ್ವರವನ್ನು ಕಿವಿಗಡಚಿಕ್ಕುವವರೆಗೆ ಬೆಳೆಸಬೇಕು, ಅದೂ ಮತ್ತೆ ಮತ್ತೆ. ಏಳೆಂಟು ನಿಮಿಷಗಳ ಈ ರಚನೆ ಹದಿನೈದರ ಹರೆಯದವರಿಗೆ ತಕ್ಕುದಲ್ಲ. ಉಸಿರು ಬಲಿತ ಮೇಲೆ ಕೈಗೆತ್ತಿಕೊಂಡರೆ ನಷ್ಟವೇನಿಲ್ಲ. ಬೆರಿಯೊನ 1980ರ ‘ಸೆಕ್ವೆಂಜಾ’, ಕಾಲುಸ್ವರಗಳನ್ನು ಬಯಸುವ ದೆನಿಸೋವ್‌ನ 1972ರ ಸೊನಾಟಾ ಇವುಗಳನ್ನಂತೂ ಮೊದಲ ಕಚೇರಿಯಿಂದ ದೂರವಿಡುವುದೇ ಲೇಸು.

ಕೊನೆಗೆ ಒಂದು ರಾಗವನ್ನೂ ಸೇರಿಸಿದರೆ ಮನೆಯವರಿಗೆ ಹಿತವಾದೀತಲ್ಲವೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಬೆರಳನ್ನು ರಂಧ್ರದ ಮೇಲಿಂದ ಅರೆಯಾಗಿ ಸರಿಸಿ, ತುಟಿಯ ಹಿಡಿತ ಸಡಿಲಿಸಿ ಮೀಂಡ್ ತೆಗೆಯುವ ವಿದ್ಯೆಗೆ ಬೇರೆಯೇ ಗುರು, ಬೇರೆಯೇ ವರ್ಷಗಳು ಬೇಕು. ತಿಂಗಳೊಪ್ಪತ್ತಿನ ತಯಾರಿಯಲ್ಲಿ ನುಡಿಸಿದ ರಾಗ ಎರಡು ಪದ್ಧತಿಗಳಿಗೂ ನ್ಯಾಯ ಸಲ್ಲಿಸದು. ಅದರ ಬದಲು ಪ್ರತಿ ಕೃತಿಗೆ ಮೊದಲು ಕನ್ನಡದಲ್ಲಿ, ಕೊಂಕಣಿಯಲ್ಲಿ ಎರಡೆರಡು ಮಾತು ಹೇಳಿದರೆ ಸಾಕು.

ಇನ್ನು ಬಹಳ ಮಂದಿ ಕಡೆಗಣಿಸುವ ಕಾನೂನಿನ ಭಾಗ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ರಚನೆಯ ಮೇಲಿನ ಹಕ್ಕು ರಚನಕಾರನ ಜೀವಿತಾವಧಿಗೂ, ಆತ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳಿಗೂ ಇರುತ್ತದೆ. 1971ರಲ್ಲಿ ತೀರಿಕೊಂಡ ಸ್ಟ್ರಾವಿನ್‌ಸ್ಕಿಯ ಕೃತಿಗಳು 2031ರ ಕೊನೆಯವರೆಗೆ ರಕ್ಷಿತ. 1992ರಲ್ಲಿ ತೀರಿಕೊಂಡ ಮೆಸಿಯಾನ್, 1994ರಲ್ಲಿ ತೀರಿಕೊಂಡ ಲುಟೊಸ್ಲಾವ್‌ಸ್ಕಿ ಇವರ ಕೃತಿಗಳು ಇನ್ನೂ ದೀರ್ಘಕಾಲ. ಆದರೆ 1963ರ ಜನವರಿಯಲ್ಲಿ ತೀರಿಕೊಂಡ ಪುಲಾಂಕ್‌ನ ರಚನೆಗಳು ಭಾರತದಲ್ಲಿ 2024ರ ಆರಂಭದಿಂದ ಮುಕ್ತವಾಗಿವೆ. ಹೊಸದಾಗಿ ಸಂಪಾದಿಸಿದ ಮುದ್ರಣಕ್ಕೆ ಮಾತ್ರ ಪ್ರತ್ಯೇಕ ಹಕ್ಕಿರಬಹುದು. ಆತನ ಕ್ಲಾರಿನೆಟ್ ಸೊನಾಟಾ ಅವನ ಮರಣಾನಂತರ 1963ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮೊದಲಿಗೆ ಕೇಳಿಬಂತು. ಕ್ಲಾರಿನೆಟ್ಟಿನಲ್ಲಿ ಜಾಝ್‌ನ ಬೆನ್ನಿ ಗುಡ್‌ಮನ್, ಪಿಯಾನೊದಲ್ಲಿ ಲೆನರ್ಡ್ ಬರ್ನ್‌ಸ್ಟೈನ್. ಅದರ ನಡುಭಾಗದ ಶೋಕಗೀತೆಗೆ ಯಾವ ವಿವರಣೆಯೂ ಬೇಕಾಗದು.

ಶಾಲೆಯ ಚಟುವಟಿಕೆಯ ಅಂಗವಾಗಿ ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರ ಮುಂದಷ್ಟೇ ನುಡಿಸುವುದಾದರೆ 52ನೆಯ ಕಲಮಿನ ವಿನಾಯಿತಿ ದೊರೆಯುತ್ತದೆ. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ನಡೆಸಿದರೂ ಹಾಗೆಯೇ. ಟಿಕೆಟ್ ಇಟ್ಟ ಸಾರ್ವಜನಿಕ ಕಚೇರಿಗೆ ಅನುಮತಿ ಬೇಕು. ಇದೇ ಕಲಮಿನಲ್ಲಿರುವ ಮದುವೆ ಮತ್ತು ಧಾರ್ಮಿಕ ಸಮಾರಂಭಗಳ ವಿನಾಯಿತಿಯ ಕುರಿತು ಗೋವಾ ಸರ್ಕಾರ 2024ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತ್ತು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದನ್ನು ರದ್ದುಗೊಳಿಸಿತು. ವಿನಾಯಿತಿಯ ಗಡಿಯನ್ನು ಆಯೋಜಕರು ತಮಗೆ ತೋಚಿದಂತೆ ಹಿಗ್ಗಿಸಿಕೊಳ್ಳುವಂತಿಲ್ಲ.

ಹೀಗೆ ಲುಟೊಸ್ಲಾವ್‌ಸ್ಕಿ, ಸ್ಟ್ರಾವಿನ್‌ಸ್ಕಿ, ಪುಲಾಂಕ್ ಮೂವರೂ ಸೇರಿ ಅರ್ಧ ಗಂಟೆಯಾಯಿತು. ಮೊದಲಿಗೆ ವೇಬರನ ಒಂದು ಕೃತಿ ಇಟ್ಟರೆ ಕಚೇರಿ ತುಂಬಿತು. ಇವುಗಳಲ್ಲಿ ಪಿಯಾನೊ ಬೇಡದ್ದು ಒಂದೇ ಆದ್ದರಿಂದ ಪಿಯಾನೊ ವಾದಕರೊಂದಿಗೆ ನಾಲ್ಕು ಬಾರಿಯಾದರೂ ಕೂಡಿ ಅಭ್ಯಾಸ ಮಾಡಬೇಕು, ಅದರ ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಬೇಕು. ಮಳೆಗಾಲದ ತೇವಕ್ಕೆ ಕೀಲಿಗಳ ಪ್ಯಾಡುಗಳು ಉಬ್ಬುತ್ತವೆ, ರೀಡುಗಳು ಸೊಟ್ಟಗಾಗುತ್ತವೆ. ಡಿಸೆಂಬರಿನಿಂದ ಫೆಬ್ರುವರಿಯೊಳಗಿನ ದಿನವೊಂದನ್ನು ಗೊತ್ತುಮಾಡಿ, ವಿದೇಶದಿಂದ ಬರಬೇಕಾದ ಸ್ವರಲಿಪಿಯ ಪುಸ್ತಕಗಳಿಗೆ ಜೂನ್ ತಿಂಗಳಲ್ಲೇ ಬರೆದು ಹಾಕುವುದು ಕ್ಷೇಮ.