ಗೇಟಿನ ಆಚೆ ಕುರಿಗಳಿವೆ

ಅಕ್ಟೋಬರಿನ ಕೊನೆಯ ವಾರ ವಿಕ್ಲೋ ಬೆಟ್ಟಗಳ ಬಣ್ಣ ನೆತ್ತಿಯಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ. ಮೇಲೆ ಹೂ ಮುಗಿದ ಹೀದರ್ ಪೊದೆಗಳ ಕಂದು, ಅದರ ಕೆಳಗೆ ಒಣಗಿದ ಜರಿಗಿಡಗಳ ಇಟ್ಟಿಗೆ ಕೆಂಪು, ಇನ್ನೂ ಕೆಳಗೆ ಓಕ್ ಮತ್ತು ಬರ್ಚ್ ಮರಗಳ ಹಳದಿ. ಬುಡದಲ್ಲಿ, ಕಲ್ಲುಗೋಡೆಗಳ ನಡುವಿನ ಹುಲ್ಲುಗಾವಲು ಮಾತ್ರ ಇನ್ನೂ ಹಸಿರು. ಆ ಹಸಿರಿನಲ್ಲಿ ಮೇಯುವ ಬಿಳಿ ಕುರಿಗಳ ಹಿಂಭಾಗಕ್ಕೆ ಯಾರೋ ನೀಲಿ, ಕೆಂಪು ಬಣ್ಣ ಬಳಿದಿದ್ದಾರೆ.

ಡಬ್ಲಿನ್ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಬಂದರೆ ಈ ಕಣಿವೆ. ಹೆಸರು ಗ್ಲೆಂಡಲಾಕ್. ಹಿಮನದಿ ಕೊರೆದ ಆಳವಾದ ಕಣಿವೆಯಲ್ಲಿ ಒಂದರ ಕೆಳಗೊಂದು ಎರಡು ಸರೋವರಗಳಿವೆ. 6ನೆಯ ಶತಮಾನದಲ್ಲಿ ಸಂತ ಕೆವಿನ್ ಇಲ್ಲಿ ಬಂದು ನೆಲೆಸಿ ಮಠ ಕಟ್ಟಿದ. ಅದರ ಸುತ್ತ ಬೆಳೆದ ಊರಿನ ಅವಶೇಷಗಳು, ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರ ಇವತ್ತಿಗೂ ನಿಂತಿವೆ. ಪ್ರವಾಸಿ ಬಸ್ಸುಗಳು ಬರುವುದು ಅದಕ್ಕಾಗಿ. ನಾನು ಬಂದದ್ದು ಗೋಪುರದ ಆಚೆಗಿನ ದಾರಿಗಳಿಗಾಗಿ, ಅದೂ ಒಂದು ನಾಯಿಯ ಜೊತೆ.

ಪಕ್ಕದ ಲಾರಾ ಹಳ್ಳಿಯಲ್ಲಿ ಗೆಳತಿಯ ಕುಟುಂಬ ಇದೆ. ಆ ಮನೆಯಲ್ಲಿ ಬ್ರಾನ್ ಇದ್ದಾನೆ. ಐರಿಷ್ ಪುರಾಣದ ಬೇಟೆಗಾರ ವೀರ ಫಿನ್ ಮಕೂಲನ ನಾಯಿಯ ಹೆಸರು ಇವನಿಗೆ. ಜಾತಿ ಬೆರಕೆ, ಕಿವಿ ಉದ್ದ, ಮೂಗು ಸದಾ ನೆಲದ ಮೇಲೆ. ಭಾನುವಾರ ಬೆಳಗ್ಗೆ ಮೇಲಿನ ಸರೋವರದ ಬಳಿಯ ಕಾರ್ ಪಾರ್ಕಿಂಗ್‌ನಲ್ಲಿ ಇಳಿದರೆ ಡಬ್ಲಿನ್ನಿನ ಅರ್ಧ ನಾಯಿಗಳು ಅಲ್ಲೇ ಸೇರಿದ ಹಾಗಿತ್ತು. ಲ್ಯಾಬ್ರಡಾರ್‌ಗಳು, ಟೆರಿಯರ್‌ಗಳು, ಕೆಂಪು ಸೆಟ್ಟರ್, ಅವುಗಳ ನಡುವೆ ಎಲ್ಲರ ಸೊಂಟ ಮುಟ್ಟುವಷ್ಟು ಎತ್ತರದ ಒಂದು ವೂಲ್ಫ್‌ಹೌಂಡ್. ತೋಳ ಬೇಟೆಗೆಂದು ಸಾಕುತ್ತಿದ್ದ ನಾಯಿ ಅದು. ಐರ್ಲೆಂಡಿನ ಕೊನೆಯ ತೋಳವನ್ನು 1786ರಲ್ಲಿ ಕೊಂದರು ಎನ್ನುತ್ತಾರೆ. ಕೆಲಸ ತಪ್ಪಿದ ಮೇಲೆ ಈ ತಳಿಯೂ ಅಳಿವಿನ ಅಂಚಿಗೆ ಬಂದಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕ್ಯಾಪ್ಟನ್ ಜಾರ್ಜ್ ಗ್ರಹಾಂ ಎಂಬಾತ ಹಟ ಹಿಡಿದು ಅದನ್ನು ಮತ್ತೆ ಬೆಳೆಸಿದ. ತೋಳ ಹೋಯಿತು. ಈ ಬೆಟ್ಟಗಳಲ್ಲಿ ಬೆಳೆದ ಕುರಿಯನ್ನು ಬೆನ್ನಟ್ಟಿ ಬೀಳಿಸಬಲ್ಲ ಪ್ರಾಣಿ ಈಗ ಉಳಿದಿರುವುದು ನಾಯಿಯೊಂದೇ. ಇಲ್ಲಿನ ದಾರಿಗಳ ಕತೆಯೆಲ್ಲ ಈ ಮಾತಿಗೆ ಬಂದು ನಿಲ್ಲುತ್ತದೆ.

ಪೂಲನಾಸ್ ಜಲಪಾತದ ಪಕ್ಕದಿಂದ ಏರು ಶುರು. ಮರದ ಮೆಟ್ಟಿಲುಗಳು ನೂರಾರು. ಏರಿ ನಿಂತರೆ ಸ್ಪಿಂಕ್ ಎಂಬ ಕಡಿದಾದ ಅಂಚು, ಕೆಳಗೆ ಕಪ್ಪು ನೀರಿನ ಸರೋವರ. ಅಂಚಿನುದ್ದಕ್ಕೂ ಹಳೆಯ ರೈಲ್ವೆ ಸ್ಲೀಪರ್‌ಗಳನ್ನು ಹಾಸಿ ದಾರಿ ಮಾಡಿದ್ದಾರೆ. ಕೆಳಗಿರುವುದು ಸ್ಪಂಜಿನಂಥ ಪೀಟ್ ನೆಲ. ಸಾವಿರಾರು ಬೂಟುಗಳು ಅದರ ಮೇಲೆ ನಡೆದರೆ ಕೊಚ್ಚಿಹೋಗುತ್ತದೆ, ಮತ್ತೆ ಕೂಡಿಕೊಳ್ಳಲು ಶತಮಾನಗಳೇ ಬೇಕು. ಸೋನೆ ಮಳೆ ಹಿಡಿದಿತ್ತು. ಹಠಾತ್ತನೆ ಎದುರಿನ ಇಳಿಜಾರಿನಿಂದ ಸಿಳ್ಳೆಯಂಥ ಚೀತ್ಕಾರ ಕೇಳಿ ಬ್ರಾನ್ ನಿಂತ ಜಾಗದಲ್ಲೇ ಕಲ್ಲಾದ. ಹಗ್ಗ ಬಿಗಿಯಿತು. ಅದು ಸೀಕಾ ಗಂಡುಜಿಂಕೆಯ ಕೂಗು. 1860ರ ಸುಮಾರಿಗೆ ಪವರ್ಸ್‌ಕೋರ್ಟ್ ಎಸ್ಟೇಟಿಗೆ ತಂದ ಈ ಏಷ್ಯಾದ ಜಿಂಕೆ ಬೇಲಿ ದಾಟಿ ಬೆಟ್ಟವೆಲ್ಲ ಹರಡಿ, ಇಲ್ಲಿನ ಕೆಂಪು ಜಿಂಕೆಯ ಜೊತೆ ಬೆರೆತುಹೋಗಿದೆ. ಅಕ್ಟೋಬರ್ ಅವುಗಳ ಬೆದೆಯ ಕಾಲ. ನಾಯಿ ಹಗ್ಗದಲ್ಲೇ ಇರಬೇಕೆಂಬುದು ಈ ಕಣಿವೆಯನ್ನೊಳಗೊಂಡ ರಾಷ್ಟ್ರೀಯ ಉದ್ಯಾನದ ನಿಯಮ. ಆ ಒಂದು ಕೂಗಿಗೆ ಬ್ರಾನ್‌ನ ಮೈಯೆಲ್ಲ ನಡುಗಿದ್ದನ್ನು ಕಂಡವರಿಗೆ ನಿಯಮದ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಕಣಿವೆಯ ಮೇಲ್ತುದಿಗೆ ಇಳಿದರೆ ಸೀಸದ ಗಣಿಯ ಪಾಳುಮನೆಗಳು, ಕಲ್ಲಿನಿಂದ ಕಲ್ಲಿಗೆ ಜಿಗಿಯುವ ಕಾಡು ಮೇಕೆಗಳು. ಅಲ್ಲಿಂದ ಸರೋವರದ ದಂಡೆಯಲ್ಲಿ ಸಲೀಸಾದ ದಾರಿ.

ಮರುದಿನದ ನಡಿಗೆ ಬೇರೆ ಬಗೆಯದು. ಉದ್ಯಾನ ಬಿಟ್ಟು ಬೊರೀನ್ ಹಿಡಿದೆವು. ಒಂದೇ ಗಾಡಿ ಹೋಗುವಷ್ಟು ಅಗಲದ ಹಳ್ಳಿ ದಾರಿಗೆ ಇಲ್ಲಿನವರು ಹಾಗೆನ್ನುತ್ತಾರೆ. ಟಾರಿನ ನಡುವೆಯೇ ಹುಲ್ಲಿನ ಗೆರೆ. ಎದುರಿಗೆ ಬರುವ ಕಾರಿನವರು ಸ್ಟಿಯರಿಂಗ್ ಬಿಡದೆಯೇ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ, ಗುರುತಿರಲೇಬೇಕೆಂದಿಲ್ಲ. ಹಾಥಾರ್ನ್ ಬೇಲಿಯಲ್ಲಿ ಕೆಂಪು ಹಣ್ಣು ಜೋತುಬಿದ್ದಿತ್ತು. ಬ್ಲ್ಯಾಕ್‌ಬೆರಿ ಇನ್ನೂ ಇತ್ತು, ಆದರೆ ಹಾಲೋವೀನ್ ಕಳೆದ ಮೇಲೆ ಅದನ್ನು ಕೀಳಬಾರದು, ಪೂಕಾ ಎಂಬ ಭೂತ ಉಗುಳಿರುತ್ತದೆ ಎನ್ನುವ ನಂಬಿಕೆ. ಮೊದಲ ಮಂಜಿಗೆ ಹಣ್ಣು ನೀರಾಗಿ ಬೂಷ್ಟು ಹಿಡಿಯುವುದೂ ಆ ಹೊತ್ತಿಗೇ. ಒಂದು ಟ್ರ್ಯಾಕ್ಟರ್ ಬೇಲಿ ಕತ್ತರಿಸುತ್ತ ಬರುತ್ತಿತ್ತು. ಹಕ್ಕಿಗಳ ಗೂಡಿನ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಮುಟ್ಟುವಂತಿಲ್ಲ, ಹಾಗಾಗಿ ಶರತ್ಕಾಲದಲ್ಲಿ ಎಲ್ಲ ಕಡೆ ಇದೇ ಸದ್ದು. ದಾರಿ ತುಂಬ ಮುಳ್ಳು. ಬ್ರಾನ್‌ನ ಪಾದಗಳನ್ನು ನಿಂತು ನಿಂತು ನೋಡಬೇಕಾಯಿತು.

ಮುಂದೆ ಒಂದು ಹೊಲದಲ್ಲಿ ಕೆಲಸ ನಡೆದಿತ್ತು. ಗೇಟಿಗೊರಗಿ ನೋಡುತ್ತ ನಿಂತೆವು. ಇಳಿಜಾರಿನ ತುದಿಯಲ್ಲಿ ಹರಡಿದ್ದ ಕುರಿಗಳನ್ನು ಕಪ್ಪು-ಬಿಳಿ ಬಾರ್ಡರ್ ಕಾಲಿಯೊಂದು ಒಟ್ಟುಗೂಡಿಸುತ್ತಿತ್ತು. ರೈತ ನಿಂತಲ್ಲೇ ಸಿಳ್ಳೆ ಹಾಕುತ್ತಿದ್ದರು. ಮಂದೆಯನ್ನು ಬಲಕ್ಕೆ ಬಳಸಿ ಬರಲು ಒಂದು ಸಿಳ್ಳೆ, ಎಡಕ್ಕೆ ಇನ್ನೊಂದು, ಮಲಗಲು ಮತ್ತೊಂದು. ಕಾಲಿ ಬೊಗಳಲಿಲ್ಲ. ತಲೆ ತಗ್ಗಿಸಿ, ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ, ಕಣ್ಣು ಕೀಲಿಸಿ ನೋಡುವುದಷ್ಟೇ ಅದರ ಆಯುಧ. ಬೇಟೆಯನ್ನು ಹೊಂಚುವ ತೋಳದ ನಡೆ ಅದು, ಮೇಲೆ ಬೀಳುವ ಕೊನೆಯ ಹೆಜ್ಜೆಯನ್ನು ಮಾತ್ರ ಮನುಷ್ಯರು ತಲೆಮಾರುಗಳ ಆಯ್ಕೆಯಿಂದ ತೆಗೆದುಹಾಕಿದ್ದಾರೆ. ಕುರಿಗಳು ಸರಿಯತೊಡಗಿದ ಕೂಡಲೇ ಸಿಳ್ಳೆ ಬಂತು, ಕಾಲಿ ಮಲಗಿತು. ಕುರಿಗಳ ಮೇಲಿನ ಒತ್ತಡ ಇಳಿಯಿತು, ಅವು ಓಡದೆ ನಡೆದವು.

ನನ್ನ ಪಕ್ಕದಲ್ಲಿ ಬ್ರಾನ್ ಕೂಡ ಅದೇ ಕುರಿಗಳನ್ನು ಅದೇ ಕಣ್ಣಿನಿಂದ ನೋಡುತ್ತಿದ್ದ. ಬಯಕೆ ಇಬ್ಬರದೂ ಒಂದೇ. ಆ ನಾಯಿಗೆ ಸಿಳ್ಳೆ ಇದೆ, ಈ ನಾಯಿಗೆ ನನ್ನ ಕೈಯಲ್ಲಿನ ಹಗ್ಗ.

ಕುರಿಗಳ ಹಿಂಭಾಗದ ಬಣ್ಣದ ಗುಟ್ಟನ್ನು ಆ ರೈತರೇ ಹೇಳಿದರು. ಹಿಂಡಿಗೆ ಬಿಡುವ ಮುನ್ನ ಟಗರಿನ ಎದೆಗೆ ರ‍್ಯಾಡಲ್ ಎಂಬ ಬಣ್ಣ ಹಚ್ಚುತ್ತಾರೆ. ಟಗರು ಹಾರಿದ ಕುರಿಯ ಬೆನ್ನಿಗೆ ಅದು ಹತ್ತುತ್ತದೆ. ಕುರಿಯ ಬೆದೆ ಮರಳುವುದು ಸುಮಾರು 17 ದಿನಕ್ಕೆ, ಅಷ್ಟೊತ್ತಿಗೆ ಬಣ್ಣ ಬದಲಿಸಿದರೆ ಯಾವ ಕುರಿ ಯಾವ ವಾರ ಗಬ್ಬವಾಯಿತೆಂದು ದೂರದಿಂದಲೇ ಲೆಕ್ಕ ಸಿಗುತ್ತದೆ. ಗಬ್ಬದ ಅವಧಿ ಸುಮಾರು 147 ದಿನ. ನವೆಂಬರ್ ಮೊದಲಲ್ಲಿ ಕೂಡಿದರೆ ಏಪ್ರಿಲ್ ಮೊದಲಲ್ಲಿ, ಹೊಸ ಹುಲ್ಲು ಬರುವ ಹೊತ್ತಿಗೆ ಮರಿ. ಇಡೀ ವರ್ಷದ ಆದಾಯ ಈ ಕೆಲವು ವಾರಗಳಲ್ಲಿ ಕೂತಿದೆ. ಇಂಥ ಹೊತ್ತಿನಲ್ಲಿ ಬಿಟ್ಟ ನಾಯಿಯೊಂದು ಹಿಂಡಿನೊಳಗೆ ನುಗ್ಗಿದರೆ ಕಚ್ಚಲೇಬೇಕೆಂದಿಲ್ಲ. ಬೆದರಿ ಓಡಿದ ಕುರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ, ಗಬ್ಬದವು ಮರಿ ಕಳೆದುಕೊಳ್ಳುತ್ತವೆ. ದನಗಳಿರುವ ಹೊಲದಲ್ಲಿ ಇನ್ನೊಂದು ಅಪಾಯ: ನಾಯಿಯ ಮಲದ ಮೂಲಕ ಹುಲ್ಲು ಸೇರುವ ನಿಯೋಸ್ಪೋರಾ ಎಂಬ ಪರೋಪಜೀವಿ ಹಸುಗಳ ಗರ್ಭಪಾತಕ್ಕೆ ಕಾರಣವಾಗುತ್ತದೆ. ಮಲ ಎತ್ತಲು ಜೇಬಿನಲ್ಲಿ ಚೀಲ ಇಟ್ಟುಕೊಳ್ಳಿ ಎನ್ನುವುದು ಪೇಟೆಯ ಶಿಸ್ತು ಮಾತ್ರವಲ್ಲ.

ಕಾನೂನು ಕಠಿಣವಾಗಿಯೇ ಇದೆ. 1986ರ ನಾಯಿ ನಿಯಂತ್ರಣ ಕಾಯ್ದೆಯ ಪ್ರಕಾರ ನಾಯಿಗೆ ಲೈಸೆನ್ಸ್ ಬೇಕು, ಕುರಿಗಾದ ನಷ್ಟ ನಾಯಿಯ ಯಜಮಾನನದೇ. ಬೇರೆ ದಾರಿ ಇಲ್ಲದಾಗ ಹಿಂಡಿನ ಮೇಲೆ ಬಿದ್ದ ನಾಯಿಗೆ ರೈತ ಗುಂಡು ಹೊಡೆದರೂ ಅದು ಅಪರಾಧವಾಗದ ಸಂದರ್ಭಗಳಿವೆ. ಆದರೆ ಕಾನೂನಿಗಿಂತ ದೊಡ್ಡದು ಇನ್ನೊಂದಿದೆ, ಹೊರಗಿನಿಂದ ಬಂದವರಿಗೆ ಅದು ಬೇಗ ತಿಳಿಯುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಬೆಟ್ಟ ಬಯಲುಗಳಲ್ಲಿ ನಡೆದಾಡುವ ಹಕ್ಕನ್ನು 2003ರ ಕಾಯ್ದೆ ಎಲ್ಲರಿಗೂ ಕೊಟ್ಟಿದೆ. ಐರ್ಲೆಂಡಿನಲ್ಲಿ ಅಂಥ ಹಕ್ಕಿಲ್ಲ. ಬಯಲಾಗಿ ಕಾಣುವ ಬೆಟ್ಟವೂ ಹಲವೆಡೆ ಐದಾರು ಮನೆಗಳವರ ಜಂಟಿ ಆಸ್ತಿ. ಜೆ.ಬಿ. ಮೆಲೋನ್ ಎಂಬ ನಡಿಗೆಪ್ರೇಮಿ ಕನಸು ಕಂಡು, 1980ರಲ್ಲಿ ಮೊದಲ ಭಾಗ ತೆರೆದ, ಡಬ್ಲಿನ್ನಿನ ಮಾರ್ಲೆ ಪಾರ್ಕಿನಿಂದ ಕ್ಲೋನಗಲ್‌ವರೆಗೆ ಸುಮಾರು 130 ಕಿಲೋಮೀಟರ್ ಸಾಗುವ ವಿಕ್ಲೋ ವೇ ಕೂಡ ಖಾಸಗಿ ನೆಲದ ಮೇಲೆ ಹಾಯುವಲ್ಲೆಲ್ಲ ಮಾಲೀಕರ ಒಪ್ಪಿಗೆಯಿಂದಲೇ ಸಾಗುತ್ತದೆ. ದಾರಿ ನೋಡಿಕೊಳ್ಳುವ ರೈತರಿಗೆ 2008ರಿಂದ ಸರ್ಕಾರ ಒಂದಿಷ್ಟು ಹಣ ಕೊಡುತ್ತಿದೆ, ಅದು ಅವರ ದುಡಿಮೆಗೆ. ಒಪ್ಪಿಗೆಗೆ ಬೆಲೆ ಕಟ್ಟಿಲ್ಲ. ಕುರಿಗಳ ಮೇಲೆ ಒಂದು ನಾಯಿ ಬಿದ್ದರೆ ಸಾಕು, ಮರುದಿನ ಗೇಟಿನ ಮೇಲೆ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಬೀಳಬಹುದು. ಅದನ್ನು ಹಾಕಿದ ರೈತನನ್ನು ನಾನು ಒರಟನೆನ್ನಲಾರೆ. ತನ್ನ ಹೊಲದಲ್ಲಿ ಅಪರಿಚಿತರು ಪ್ರತಿ ಭಾನುವಾರ ನಡೆದುಹೋಗಲು ಬಿಟ್ಟವನು ಅವನು. ಇಷ್ಟು ದೊಡ್ಡ ಔದಾರ್ಯಕ್ಕೆ ಪ್ರತಿಯಾಗಿ ಅವನು ಕೇಳುತ್ತಿರುವುದು ಎರಡು ಮೀಟರ್ ಹಗ್ಗ ಮತ್ತು ಮುಚ್ಚಿದ ಗೇಟು.

ಆ ವಾರ ಹಳ್ಳಿಯ ಅಂಗಡಿಯಲ್ಲಿ ಕುಂಬಳಕಾಯಿಗಳ ಸಾಲು, ಒಳಗೆ ಉಂಗುರ ಅಡಗಿಸಿದ ಬಾರ್ಮ್‌ಬ್ರ್ಯಾಕ್ ಬ್ರೆಡ್ಡು. ಪಟಾಕಿ ಇಲ್ಲಿ ಸಾಮಾನ್ಯ ಜನ ಸುಡುವಂತಿಲ್ಲ, ಆದರೂ ಹಾಲೋವೀನ್ ಹತ್ತಿರವಾದಂತೆ ಸದ್ದು ಕೇಳುತ್ತಲೇ ಇರುತ್ತದೆ. ನಾಯಿಗಳನ್ನು ಕತ್ತಲಾಗುವ ಮೊದಲೇ ಒಳಗೆ ಸೇರಿಸಿ, ಪರದೆ ಎಳೆದು, ಟಿ.ವಿ. ಹಾಕಿ ಕೂರಿಸುತ್ತಾರೆ. ನಮ್ಮ ದೀಪಾವಳಿಯೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ ಬರುವುದರಿಂದ ಗೆಳತಿಯ ಮನೆಯಲ್ಲಿ ದೀಪ ಮಾತ್ರ, ಪಟಾಕಿಯ ಮಾತೇ ಇಲ್ಲ. ಮೇಜಿನ ಕೆಳಗಿನ ಬ್ರಾನ್‌ಗಾಗಿ.

ಹೊರಡುವ ಹಿಂದಿನ ದಿನ ಅದೇ ಬೊರೀನಿನಲ್ಲಿ ಅದೇ ರೈತರು ಸಿಕ್ಕರು. ಕ್ವಾಡ್ ಬೈಕಿನ ಹಿಂದೆ ಕಾಲಿ ಕೂತಿತ್ತು. ಬೈಕು ನಿಲ್ಲಿಸಿ, “ಕೆಳಗಿನ ಹೊಲ ಬೇಡಿ, ಟಗರು ಬಿಟ್ಟಿದ್ದೇನೆ. ಹೊಳೆ ಪಕ್ಕದ ದಾರಿ ಹಿಡಿಯಿರಿ, ಸ್ವಲ್ಪ ಸುತ್ತು, ಅಷ್ಟೇ” ಎಂದರು. ನಾಯಿಯ ಹೆಸರು ಕೇಳಿದರು. ಹೇಳಿದಾಗ ಒಳ್ಳೆಯ ಹೆಸರು ಎಂದು ಅವನ ಕಿವಿ ಸವರಿದರು. ಮತ್ತೆ ಯಾವಾಗ ಬರಲಿ ಎಂದು ಕೇಳಿದೆ.

“ಏಪ್ರಿಲ್‌ನಲ್ಲಿ ಬನ್ನಿ, ಮರಿಗಳಿರುತ್ತವೆ. ಇವನನ್ನು ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ.”