ಜಾಗಾ ನಂದು, ರೊಕ್ಕಾ ನಂದು, ಪರ್ಮಿಶನ್ ಯಾಕ?

ನಮ್ಮ ಕಾಕಾ ಔರಾದ ತಾಲ್ಲೂಕಿನವರು. ಒಂದಿನ ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದರೆ ಅವರದೇ ಮೂರು ಮಿಸ್ಡ್ ಕಾಲ್. ವಾಪಸ್ ಮಾಡಿದೆ. "ಟಿ.ವ್ಯಾಗ ಕುಂತು ಎಲ್ಲಾರಿಗೂ ಪ್ರಶ್ನಿ ಕೇಳ್ತಿ. ನಂದೊಂದ್ ಪ್ರಶ್ನಿಗಿ ಜವಾಬ್ ಹೇಳು. ಜಾಗಾ ನಂದು, ರೊಕ್ಕಾ ನಂದು. ಮನಿ ಕಟ್ಲಾಕ ಪಂಚಾಯ್ತಿ ಪರ್ಮಿಶನ್ ಯಾಕ ಬೇಕು?"

ನಗಬೇಡಿ. ಬೀದರ, ಭಾಲ್ಕಿ, ಔರಾದ ಕಡೆ ಹಳ್ಳಿಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ಕೇಳೋ ಪ್ರಶ್ನೆ ಇದು. ಅಜ್ಜ ಕಟ್ಟಿದ, ಅಪ್ಪ ಕಟ್ಟಿದ, ಯಾರನ್ನೂ ಕೇಳಲಿಲ್ಲ. ಉದಗೀರದಿಂದ ಗೌಂಡಿ ಬಂದ, ಪಾಯಾ ತೋಡಿದ, ಮುಗೀತು.

ಕಾಯ್ದೆ ಏನು ಹೇಳುತ್ತೆ ನೋಡಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯ್ತಿ ಲಿಖಿತ ಅನುಮತಿ ಕೊಡದೆ ಯಾರೂ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಹಳೇದಕ್ಕೆ ಒಂದು ಕೋಣೆ ಸೇರಿಸೋ ಹಾಗೂ ಇಲ್ಲ. ಕಟ್ಟಿದರೆ ಕೆಲಸ ನಿಲ್ಲಿಸು, ಬದಲಾಯಿಸು, ಕೆಡವು ಅನ್ನೋ ಅಧಿಕಾರ ಪಂಚಾಯ್ತಿಗಿದೆ. ಇದು ನಗರಕ್ಕಷ್ಟೇ ಅನ್ನೋದು ನಮ್ಮ ಭ್ರಮೆ.

ಕಾಕಾ ಅವರ ಸಮಸ್ಯೆ ಮಾತ್ರ ಅದಕ್ಕಿಂತ ಹಿಂದಿನದು. ಜಾಗಾ ಅವರದ್ದೇ ಆಗಿರಲಿಲ್ಲ.

ರಸ್ತೆ ಬದಿಯಲ್ಲಿ ಒಬ್ಬರ ಹೊಲದ ಅಂಚಿನಲ್ಲಿ 30-40ರ ಪ್ಲಾಟು. ಮಗನ ಮದುವೆ ಹತ್ತಿರ ಬಂತು ಅಂತ ಖರೀದಿ ಮಾಡಿದ್ದರು. ಹೇಗೆ? ಬಾಂಡ್ ಪೇಪರ್ ಮೇಲೆ! ಇಬ್ಬರು ಸಾಕ್ಷಿ, ಒಂದು ನೋಟರಿ ಸಿಕ್ಕಾ. "ಎಲ್ಲಾರೂ ಹಿಂಗೇ ತಗೋತಾರಪಾ" ಅಂದರು. ಹೌದು, ಎಲ್ಲರೂ ಹಾಗೇ ತಗೋತಾರೆ. ಆದರೆ 1908ರ ನೋಂದಣಿ ಕಾಯ್ದೆ ಪ್ರಕಾರ ನೂರು ರೂಪಾಯಿ ಮೇಲಿನ ಸ್ಥಿರಾಸ್ತಿ ಮಾರಾಟ ನೋಂದಣಿ ಆಗಲೇಬೇಕು. ಬಾಂಡ್ ಪೇಪರ್ ಅಂದರೆ ಹಣ ಕೊಟ್ಟಿದ್ದಕ್ಕೆ ಒಂದು ಚೀಟಿ, ಅಷ್ಟೇ. ಸಬ್ ರಿಜಿಸ್ಟ್ರಾರ್ ಕಡೆ ಹೋಗೋಣ ಅಂದರೆ ಅಲ್ಲಿ ಇ-ಸ್ವತ್ತು ಕೇಳ್ತಾರೆ. ಇ-ಸ್ವತ್ತು ಬೇಕಂದರೆ ಆ ಜಮೀನು ಎನ್‌ಎ ಆಗಿರಬೇಕು. ಎನ್‌ಎ ಅಂದರೆ ಕೃಷಿಯೇತರ ಭೂ ಪರಿವರ್ತನೆ. 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದ ಕೆಳಗೆ ಜಿಲ್ಲಾಧಿಕಾರಿ ಕೊಡೋ ಆದೇಶ ಅದು. ಅರ್ಜಿ ಹಾಕಬೇಕಾದವರು ಯಾರು? ಪಹಣಿಯಲ್ಲಿ ಹೆಸರಿರೋರು. ಪಹಣಿಯಲ್ಲಿ ಯಾರ ಹೆಸರಿದೆ? ಮಾರಿದವನದು!

ಇಲ್ಲಿ ನೀವು ಕೇಳಬಹುದು: ರೈತ ತನ್ನ ಹೊಲದಲ್ಲಿ ಮನೆ ಕಟ್ಟಬಾರದೇ? ಕಟ್ಟಬಹುದು. ತನ್ನದೇ ಜಮೀನು, ತನ್ನದೇ ಬೇಸಾಯಕ್ಕೆ ಬೇಕಾದ ತೋಟದ ಮನೆ ಆದರೆ, ಹಿಡುವಳಿಯ ಶೇ. 10ರ ಮಿತಿಯೊಳಗೆ ಅದೇ 95ನೇ ಪ್ರಕರಣ ಅವಕಾಶ ಕೊಡುತ್ತೆ. ನಾಲ್ಕು ಎಕರೆ ಇದ್ದವನ ಮಾತು ಬೇರೆ. ಗುಂಟೆಗಿಂತ ಚೂರು ಹೆಚ್ಚಿರೋ ಪ್ಲಾಟಿನಲ್ಲಿ 'ಇದು ತೋಟದ ಮನೆ' ಅಂದರೆ ಯಾರು ನಂಬ್ತಾರೆ?

ನಮ್ಮ ಕಡೆ ಎಲ್ಲ ಗೊಂದಲಕ್ಕೂ ಮೂಲ ಗಾವಠಾಣ. ಹಳೇ ಮೈಸೂರಿನವರು ಗ್ರಾಮಠಾಣಾ ಅಂತಾರೆ. ಊರು ಕೂರೋ ಜಾಗ ಇಷ್ಟು ಅಂತ ಹಿಂದೆ ಯಾವಾಗಲೋ ಹಾಕಿದ ಗಡಿ. 1948ರ ತನಕ ನಿಜಾಮರ ಆಡಳಿತ, 1956ರ ತನಕ ಹೈದರಾಬಾದ್ ರಾಜ್ಯ. ಹಳೇ ದಾಖಲೆ ಬಹಳಷ್ಟು ಉರ್ದುವಿನಲ್ಲಿ. ಊರು ಆ ಗಡಿ ದಾಟಿ ಬೆಳೆದು ಎಷ್ಟೋ ಕಾಲವಾಯ್ತು. ಗಡಿ ಮಾತ್ರ ಅಲ್ಲೇ ಕೂತಿದೆ. ಒಳಗಿದ್ದವನಿಗೆ ನಮೂನೆ 9 ಮತ್ತು 11ಎ. ಹೊರಗೆ ಎನ್‌ಎ ಇಲ್ಲದೆ ಕಟ್ಟಿದವನಿಗೆ ಬಹಳ ಆದರೆ 11ಬಿ. ಇದು ತೆರಿಗೆ ವಸೂಲಿಗೆ ಮಾಡಿದ ಪುಸ್ತಕ. ಘರಪಟ್ಟಿ ಕಟ್ಟಿದ ರಸೀದಿ ತೋರಿಸಿ 'ನಮ್ಮ ಮನಿ ಸಕ್ರಮ ಅದ' ಅನ್ನೋರನ್ನ ದಿನಾ ನೋಡ್ತೀವಿ. ಪಟ್ಟಿ ಕಟ್ಟಿದ್ದರಿಂದ ಮಾಲೀಕತ್ವ ಬರಲ್ಲ, ಪರವಾನಗಿಯೂ ಬರಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ಇದೆಯಲ್ಲಾ, ಅದು ಕೂಡ ಊರೊಳಗಿನ ವಸತಿ ಜಾಗಕ್ಕೆ. ಕಾಕಾನ ಪ್ಲಾಟಿನಂಥ ಹೊಲದ ತುಂಡಿಗಲ್ಲ.

ಮೊದಲೆಲ್ಲ ಇದು ಯಾರಿಗೂ ತಟ್ಟುತ್ತಿರಲಿಲ್ಲ. ಈಗ ತಟ್ಟುತ್ತಿದೆ. 2024ರ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಕಟ್ಟಡ ಮುಗಿದ ಪ್ರಮಾಣಪತ್ರ ನೋಡದೆ ಕರೆಂಟು, ನೀರು ಕೊಡಬೇಡಿ ಅಂತ. ಮೂಲ ಪ್ರಕರಣ ಉತ್ತರ ಪ್ರದೇಶದ್ದು. ಬಿಸಿ ಬಂದಿದ್ದು ಕರ್ನಾಟಕದ ಸಾವಿರಾರು ಮನೆಗಳಿಗೆ. ಬ್ಯಾಂಕಿನವರಂತೂ ಮೊದಲಿಂದಲೂ ಬಿಗಿ. ಕಾಕಾ ಪಾಯಾ ತೋಡಿಸಿ, ಸಿಮೆಂಟ್ ತರಿಸಿ, ಆಮೇಲೆ ಸಾಲಕ್ಕೆ ಹೋದರು. ಮ್ಯಾನೇಜರ್ ಬಾಂಡ್ ಪೇಪರ್ ತಿರುಗಿಸಿ ನೋಡಿ ವಾಪಸ್ ಕೊಟ್ಟ. ಅವತ್ತೇ ನನಗೆ ಆ ಮೂರು ಮಿಸ್ಡ್ ಕಾಲ್.

ಬೀದರ ಶಹರದ ಕಥೆ ಇನ್ನೊಂದು ಥರ. ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಬಹಮನಿ ಗುಂಬಜುಗಳು. ಇವು ಸಂರಕ್ಷಿತ ಸ್ಮಾರಕಗಳು. 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ಹೊಸ ಕಟ್ಟಡ ಇಲ್ಲವೇ ಇಲ್ಲ. ಅದರಾಚೆ ಇನ್ನೂ 200 ಮೀಟರ್ ಪ್ರತ್ಯೇಕ ಅನುಮತಿ ಬೇಕು. ಅಷ್ಟೂರಿನಲ್ಲಿ ಗುಂಬಜಿನ ಪಕ್ಕ ಹೊಲ ಇರೋರ ಹತ್ತಿರ ಕಾಗದ ಎಲ್ಲ ಸರಿಯಿದ್ದರೂ ಪಂಚಾಯ್ತಿ ಒಂದೇ ಹೂಂ ಅಂದರೆ ಸಾಲದು. ಪ್ಲಾಟ್ ತಗೊಳ್ಳೋ ಮುಂಚೆ ಟೇಪ್ ಹಿಡಿದು ಅಳೀರಿ ಅಂತ ನಾನು ನೂರು ಸಲ ಹೇಳಿದೀನಿ.

ಕಾಕಾಗೆ ನಾನು ಹೇಳಿದ್ದು ಇಷ್ಟೇ: ಆ ಪ್ಲಾಟ್ ಬಿಡಿ, ಊರೊಳಗೆ ಬಿದ್ದುಹೋದ ಹಳೇ ಮನೆ ಇದೆಯಲ್ಲ, ಅದು ಗಾವಠಾಣದಲ್ಲಿದೆ. ಕಾಕಾ ಸುಮ್ಮನಾದರು. ಸುಮ್ಮನಾಗೋಕೆ ಕಾರಣ ಇತ್ತು. ಆ ಮನೆ ಘರಪಟ್ಟಿ ಇನ್ನೂ ಅಜ್ಜನ ಹೆಸರಲ್ಲೇ. ಅಣ್ಣತಮ್ಮಂದಿರು ನಾಲ್ವರು, ಮಾತಿಲ್ಲದ್ದು ಇಬ್ಬರ ಜೊತೆ. ಅಜ್ಜನ ಮರಣ ಪ್ರಮಾಣಪತ್ರ, ವಂಶಾವಳಿ, ಎಲ್ಲರ ಒಪ್ಪಿಗೆ, ಹಿಸ್ಸೆ ಪತ್ರದ ನೋಂದಣಿ, ಆಮೇಲೆ ಅವರ ಹೆಸರಿಗೆ ಇ-ಸ್ವತ್ತು. ಕಟ್ಟೋ ಅನುಮತಿಗಿಂತ ತಮ್ಮನ ಸಹಿ ತರೋಕೆ ಹೆಚ್ಚು ದಿನ ಹಿಡೀತು. ಕಡೆಗೆ ಕಾಕಿ ಹೋಗಿ ಮಾತಾಡಿಸಿದರು ಅಂತ ಕೇಳಿದೆ.

ಅರ್ಜಿ ಕೊಡುವಾಗ ಒಂದು ಮಾತು ಒತ್ತಿ ಹೇಳಿದ್ದೆ: ಸ್ವೀಕೃತಿ ಇಲ್ಲದೆ ಬರಬೇಡಿ. ಯಾಕಂದರೆ ಅದೇ 64ನೇ ಪ್ರಕರಣದಲ್ಲಿ ಇನ್ನೊಂದು ಸಾಲಿದೆ. ಅರ್ಜಿ ಸೇರಿದ 60 ದಿನದೊಳಗೆ ಪಂಚಾಯ್ತಿ ಹೂಂ ಅಥವಾ ಊಹೂಂ ತಿಳಿಸದಿದ್ದರೆ ಅನುಮತಿ ಕೊಟ್ಟ ಹಾಗೇ ಲೆಕ್ಕ. ನಿಯಮ ಮೀರಿ ಕಟ್ಟೋಕೆ ಇದು ರಹದಾರಿ ಅಲ್ಲ. ಬ್ಯಾಂಕಿನವರು 'ಕೊಟ್ಟ ಹಾಗೆ ಲೆಕ್ಕ'ವನ್ನ ಒಪ್ಪೋದೂ ಕಷ್ಟ, ಅವರಿಗೆ ಸಿಕ್ಕಾ ಬಿದ್ದ ಕಾಗದವೇ ಬೇಕು. ಆದರೂ 'ನಾಳಿ ಬರ್ರಿ' ಅನ್ನೋ ಮೇಜಿನ ಮುಂದೆ ತಾರೀಕು ಇರೋ ಸ್ವೀಕೃತಿ ಇಟ್ಟರೆ ಮಾತಿನ ಧಾಟಿ ಬದಲಾಗುತ್ತೆ. ತಿರಸ್ಕಾರ ಆದರೆ ಕಾರಣ ಬರವಣಿಗೆಯಲ್ಲಿ ಕೇಳಿ. ತಾಲ್ಲೂಕು ಪಂಚಾಯ್ತಿ ಇಒ ಮುಂದೆ ಮೇಲ್ಮನವಿಗೆ ಅದೇ ಆಧಾರ.

ನಕ್ಷೆ ವಿಷಯ ಒಂದು ಅಡ್ಡ ಮಾತು. ಬೀದರ ಪಕ್ಕದಲ್ಲಿ ಕೆಂಪು ಮುರಮು, ಜಂಬಿಟ್ಟಿಗೆ ಕಲ್ಲು. ಔರಾದ, ಭಾಲ್ಕಿ ಕಡೆ ಕರಿ ಭೂಮಿ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ, ಮೇಲಿನ ಗೋಡೆಯನ್ನೂ ಬಿರಿಸುತ್ತೆ. ಝೆರಾಕ್ಸ್ ಅಂಗಡಿಯಲ್ಲಿ ಸಿಗೋ ನಕ್ಷೆಗೆ ಇದೆಲ್ಲ ಗೊತ್ತಿಲ್ಲ, ಎಲ್ಲರಿಗೂ ಒಂದೇ ಪಾಯಾ ಬರೆದಿರುತ್ತೆ. ಇಂಜಿನಿಯರ್‌ಗೆ ಕೊಡೋ ನಾಲ್ಕು ಕಾಸು ಉಳಿಸಬೇಡಿ.

ಕಾಕಾಗೆ ಕಾಗದ ಬಂತು, 60 ದಿನ ತುಂಬೋ ಮೊದಲೇ. ಮಗನ ಮದುವೆ ಅಷ್ಟರೊಳಗೆ ಬಾಡಿಗೆ ಮನೆಯಲ್ಲೇ ಆಗಿಹೋಗಿತ್ತು. ಮೊನ್ನೆ ಫೋನ್ ಮಾಡಿ "ಸ್ಲ್ಯಾಬ್ ಬಿತ್ತು ನೋಡಪಾ" ಅಂದರು. ರಸ್ತೆ ಬದಿ ಪ್ಲಾಟ್ ಏನಾಯ್ತು ಅಂತ ಕೇಳಿದೆ. ಪಾಯಾ ತೋಡಿದ ಗುಂಡಿ ಮುಚ್ಚಿ ಮಾರಿದವನು ಈ ಸಲ ತೊಗರಿ ಬಿತ್ತಿದ್ದಾನಂತೆ. ರೊಕ್ಕ ಕೇಳಿದರೆ ರಾಶಿ ಆಗಲಿ ಅಂತಿದ್ದಾನೆ. ಬಾಂಡ್ ಪೇಪರ್ ಇನ್ನೂ ಕಾಕಾನ ಟ್ರಂಕಿನಲ್ಲಿದೆ.